ಮೇಷ್ಟ್ರಿಗಿಂತ ಒಂದು ಮೆಟ್ಟಿಲು ಕೆಳಗೆ

ಕಾರಿನ ಬಾಗಿಲು ಹಾಕಿ ತಿರುಗಿದವನಿಗೆ ಬೆಟ್ಟದ ಬುಡದ ಕಟ್ಟೆಯ ಮೇಲೆ ಕುಳಿತಿದ್ದ ಬಿಳಿಗಡ್ಡದವರು ಕಂಡರು. ಗಂಗಾಧರಸ್ವಾಮಿ ಆಗಷ್ಟೇ ಹಚ್ಚಿದ್ದ ಸಿಗರೇಟನ್ನು ಕೆಳಕ್ಕೆ ಹಾಕಿ ಬೂಟಿನಡಿ ಹೊಸಕಿದ. ಐವತ್ತೆಂಟು ವರ್ಷದ ಫಿಸಿಕ್ಸ್ ಪ್ರೊಫೆಸರಿಗೆ ಇದರ ಅಗತ್ಯವಿರಲಿಲ್ಲ. ಆದರೆ ಕಾಲು ತಲೆಯನ್ನು ಕೇಳಿ ಕೆಲಸ ಮಾಡಲಿಲ್ಲ.

ಬಿಳಿಗಡ್ಡದವರೂ ಅವನನ್ನು ಕಂಡು ದಡಬಡನೆ ಎದ್ದರು. ಬಲಗೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು. ಇನ್ನು ಅನುಮಾನವೇ ಉಳಿಯಲಿಲ್ಲ. ಪುಟ್ಟಬಸವಯ್ಯ ಮೇಷ್ಟ್ರು ಬೆತ್ತ ಹಿಡಿದ ಕೈಯನ್ನು ಹೀಗೇ ಬೆನ್ನ ಹಿಂದೆ ಇಟ್ಟುಕೊಂಡು ಬೆಂಚುಗಳ ನಡುವೆ ಓಡಾಡುತ್ತಿದ್ದರು.

ತಿ. ನರಸೀಪುರದ ಆ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ಸಂಘ ವರ್ಷಕ್ಕೊಂದು ಬೆಟ್ಟ ಹತ್ತುತ್ತದೆ. ಈ ಸಲ ಮುಡುಕುತೊರೆ. ಇಳಿದ ಮೇಲೆ ತಲಕಾಡಿನ ಮರಳು. ಗಂಗಾಧರಸ್ವಾಮಿ ಹಿಂದೆಂದೂ ಬಂದವನಲ್ಲ. ಆದರೆ ಕಾರ್ಯದರ್ಶಿ ನಂಜೇಶ್ ಫೋನಿನಲ್ಲಿ, “ಪುಟ್ಟಬಸವಯ್ಯ ಮೇಷ್ಟ್ರೂ ಬತ್ತಾವ್ರೆ ಕಣೋ, ಬೆಟ್ಟದ ಮ್ಯಾಲೆ ಶಾಲು ಒದಿಸ್ತೀವಿ” ಎಂದದ್ದೇ ತಡ, ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲಿಗೆ ಬಣ್ಣ ಹಚ್ಚಿ, ಇಸ್ತ್ರಿ ಮಾಡಿದ ಶರಟಿಗೆ ಪೆನ್ನು ಸಿಕ್ಕಿಸಿ ಮೈಸೂರಿನಿಂದ ಹೊರಟುಬಿಟ್ಟಿದ್ದ.

ಕಾರಣವಿತ್ತು. ಹತ್ತನೇ ತರಗತಿ ಮುಗಿದಾಗ ಶಾಲೆಯ ಅಂಗಳದಲ್ಲಿ, ಎಲ್ಲರೆದುರು, ಮೇಷ್ಟ್ರು ಅವನ ಅಪ್ಪನಿಗೆ ಹೇಳಿದ್ದರು: “ಇವನನ್ನ ಸೈನ್ಸಿಗೆ ಸೇರಿಸಬೇಡಿ. ಲೆಕ್ಕ ಇವನ ತಲೆಗೆ ಹತ್ತಕ್ಕಿಲ್ಲ.” ಆ ಹಟಕ್ಕೆ ಅವನು ಬಿಎಸ್ಸಿ ಮಾಡಿದ, ಎಂಎಸ್ಸಿ ಮಾಡಿದ, ಪಿಎಚ್‌ಡಿಯನ್ನೂ ಮಾಡಿದ. ಮನೆಯ ಗೇಟಿನಲ್ಲಿ ಹೆಸರಿಗಿಂತ ಪದವಿಗಳೇ ಉದ್ದ. ಇನ್ನು ಬಾಕಿಯಿದ್ದದ್ದು ಒಂದೇ. ಆ ಮಾತು ತಪ್ಪಾಯಿತೆಂದು ಮೇಷ್ಟ್ರ ಬಾಯಿಂದಲೇ ಕೇಳಬೇಕು.

ಗುಂಪು ಆಗಲೇ ಹತ್ತತೊಡಗಿತ್ತು. ಹಿಂದುಳಿದವರು ಇವರಿಬ್ಬರೇ. ಗಂಗಾಧರಸ್ವಾಮಿ ಬಗ್ಗಿ ಕೈಮುಗಿದ. ಅವರೂ ಬಗ್ಗಿದರು. ತಲೆಗೆ ತಲೆ ತಾಗುವುದೊಂದು ಬಾಕಿ.

“ಗುರುತು ಸಿಕ್ತಾ?” ಎಂದ.

“ಮರೆಯೋ ಮಖವಾ ಸಾ ಅದು?”

ಮೇಷ್ಟ್ರು ತನಗೆ ಸಾ ಎಂದರು. ಪಿಎಚ್‌ಡಿಯ ಸುದ್ದಿ ಊರಿಗೆ ತಲುಪಿದೆ ಎಂದು ಅವನ ಎದೆ ತುಸು ಉಬ್ಬಿತು.

“ನೀವು ಮುಂದೆ ನಡೀರಿ.”

“ಬುಡ್ತು ಅನ್ನಿ. ನೀವು ನಡೀರಿ.”

ಗುರುವಿಗಿಂತ ಒಂದು ಮೆಟ್ಟಿಲಾದರೂ ಕೆಳಗೆ ನಡೆಯಬೇಕು. ಮನೆಯಲ್ಲಿ ಕಲಿಸಿದ್ದು ಹಾಗೆ. ಆದರೆ ಮೇಷ್ಟ್ರು ಮುಂದೆ ಹೋಗಲೊಲ್ಲರು. ಅವನು ನಿಂತರೆ ಅವರೂ ನಿಲ್ಲುತ್ತಿದ್ದರು. ಕೊನೆಗೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಭುಜಕ್ಕೆ ಭುಜ ಉಜ್ಜುತ್ತ, ಹೊಸ ಮದುಮಕ್ಕಳ ಹಾಗೆ ಹತ್ತಿದರು. ಅವರ ಚೀಲವನ್ನು ಅವನು ಕಿತ್ತುಕೊಂಡ. ಅವನ ನೀರಿನ ಬಾಟಲಿಯನ್ನು ಅವರು ಕಿತ್ತುಕೊಂಡರು. ವಯಸ್ಸು ಎಂಥವರನ್ನೂ ಮಾಗಿಸುತ್ತದೆ ಎಂದುಕೊಂಡ.

ಮೇಲಿನಿಂದ ಟ್ರ್ಯಾಕ್ ಪ್ಯಾಂಟು, ಟೋಪಿ, ಕಪ್ಪು ಕನ್ನಡಕದ ಒಬ್ಬ ಪುಟಪುಟನೆ ಇಳಿದು ಬಂದ. “ಬೇಗ ಬನ್ರಪ್ಪ, ತಿಂಡಿ ಆರೋಯ್ತದೆ” ಎಂದು ಇಬ್ಬರನ್ನೂ ಒಂದು ಸುತ್ತು ಹಾಕಿ ಮತ್ತೆ ಮೇಲಕ್ಕೋಡಿದ. ಯಾವುದೋ ಕಿರಿಯ ಬ್ಯಾಚಿನವನಿರಬೇಕು. ಮೇಷ್ಟ್ರ ಎದುರಿಗೇ ಇಂಥ ಸಲಿಗೆ. ಗಂಗಾಧರಸ್ವಾಮಿ ಕಣ್ಣು ಕೆಂಪಗೆ ಮಾಡಿದ.

ಪಕ್ಕದವರೂ ಹಲ್ಲು ಕಡಿದರು. “ಈಗಿನೋರ್ಗೆ ದೊಡ್ಡೋರು ಚಿಕ್ಕೋರು ಒಂದೂ ಗೊತ್ತಾಗಕ್ಕಿಲ್ಲ ಸಾ.”

ಅರ್ಧ ದಾರಿಯಲ್ಲಿ ನೆರಳಿತ್ತು, ಕೂರಲು ಕಲ್ಲಿತ್ತು. ಮೇಷ್ಟ್ರು ಕೂರದೆ ಅವನು ಕೂರುವಂತಿರಲಿಲ್ಲ. ಅವರು ಕೂರಲಿಲ್ಲ. ಇಬ್ಬರೂ ಆ ಕಲ್ಲನ್ನು ಆಸೆಯಿಂದ ನೋಡುತ್ತ ನಿಂತರು.

“ಆ ಬೆತ್ತದ ಏಟು ನಾನಿನ್ನೂ ಮರ್ತಿಲ್ಲ” ಎಂದರು ಅವರು ಮೆಲ್ಲಗೆ.

ಪಾಪ, ಹೊಡೆದ ಕೈಗೂ ನೋವು ಉಳಿದಿರುತ್ತದೆ. “ನಾನೂ ಮರೆತಿಲ್ಲ” ಎಂದ.

ತುದಿ ಮುಟ್ಟಿದಾಗ ಕೆಳಗೆ ಕಾವೇರಿ, ಆಚೆಗೆ ತಲಕಾಡಿನ ಮರಳು ಕಾಣುತ್ತಿತ್ತು. ಗಂಗಾಧರಸ್ವಾಮಿ ಅದಾವುದನ್ನೂ ನೋಡಲಿಲ್ಲ. ಕಾರಿನಲ್ಲಿ ಬರುವಾಗ ಒಪ್ಪ ಮಾಡಿಟ್ಟುಕೊಂಡಿದ್ದ ವಾಕ್ಯವನ್ನು ಉಸಿರು ಕಟ್ಟಿ ಹೊರತೆಗೆದ.

“ಅವತ್ತು ಸ್ಕೂಲಿನ ಅಂಗಳದಲ್ಲಿ, ಎಲ್ಲರೆದುರು ಆಡಿದ ಮಾತಿದೆಯಲ್ಲ. ಅದು ತಪ್ಪು ಅಂತ ಈಗಲಾದ್ರೂ ಅನ್ನಿಸುತ್ತಾ?”

ಅವರ ಕಣ್ಣು ತುಂಬಿತು. “ತಪ್ಪಾಯ್ತು. ಅಂಗನ್ಬಾರ್ದಿತ್ತು ನಾನು. ಆಗ ಬುದ್ಧಿ ಇರ್ನಿಲ್ಲ.”

ಗಂಗಾಧರಸ್ವಾಮಿ ಅವರ ಕೈ ಹಿಡಿದುಕೊಂಡ. ಪಿಎಚ್‌ಡಿ ಸಿಕ್ಕ ದಿನವೂ ಇಷ್ಟು ಹಗುರಾಗಿರಲಿಲ್ಲ. “ಹೋಗಲಿ ಬಿಡಿ” ಎಂದ, ದೊಡ್ಡ ಮನಸ್ಸು ಮಾಡಿ.

ಅಷ್ಟರಲ್ಲಿ ನಂಜೇಶ್ ಶಾಲು, ಹಾರ ಹಿಡಿದು ಬಂದ. ಗಂಗಾಧರಸ್ವಾಮಿ ಬಿಳಿಗಡ್ಡದವರ ಮೊಣಕೈ ಹಿಡಿದು ಮುಂದಕ್ಕೆ ನೂಕಿದ. ಅದೇ ಗಳಿಗೆಗೆ ಅವರು ಅವನ ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ನೂಕಿದರು.

“ನಡೀರಿ ಮೇಷ್ಟ್ರೇ” ಎಂದರು ಇಬ್ಬರೂ, ಒಟ್ಟಿಗೆ.

“ಲೇ ನಟರಾಜ, ಗಂಗಾಧರನ್ನ ಯಾಕ್ಲಾ ತಳ್ತೀಯ?” ಎಂದ ನಂಜೇಶ್ ಬಿಳಿಗಡ್ಡದವನಿಗೆ. “ಅವತ್ತು ಅಂಗಳದಲ್ಲಿ ಮೇಷ್ಟ್ರಿಗೇ ಎದುರು ಮಾತಾಡಿ ಏಟು ತಿಂದೋನು ನೀನು. ಈಗ್ಲಾದ್ರೂ ಮೇಷ್ಟ್ರಿಗೆ ದಾರಿ ಬುಡು.” ಇಬ್ಬರ ನಡುವೆ ನುಸುಳಿ, ಹಿಂದೆ ನಿಂತಿದ್ದ ಟ್ರ್ಯಾಕ್ ಪ್ಯಾಂಟಿನವರ ಕೊರಳಿಗೆ ಹಾರ ಹಾಕಿದ.

ಪುಟ್ಟಬಸವಯ್ಯ ಮೇಷ್ಟ್ರು ಕಪ್ಪು ಕನ್ನಡಕ ತೆಗೆದು, “ನಿಮ್ಗೆ ಪಾಠ ಮಾಡುವಾಗ ನಂಗಿನ್ನೂ ಮದ್ವೇನೂ ಆಗಿರ್ನಿಲ್ಲ ಕಣ್ರಪ್ಪ, ನಿಮಗಿಂತ ಒಂಬತ್ತೇ ವರ್ಷ ದೊಡ್ಡೋನು” ಎಂದರು. “ಅಷ್ಟು ಕೂಡೋಕೂ ಇನ್ನೂ ಬರಲ್ವಾ, ಗಂಗಾಧರ?”