ಐದನೇ ವ್ಯತ್ಯಾಸ

"ಹೋಂವರ್ಕಿಗೆ ಹುಲಿಗೂ ಜೌಗು ಪಾಚಿಗೂ ಐದು ವ್ಯತ್ಯಾಸ ಬರೀಬೇಕು ದಾದಿ. ನಾಲ್ಕು ಆಯ್ತು, ಇನ್ನೊಂದು ಹೇಳಿ," ಎಂದು ಆತಿಕಾ ನೋಟ್‌ಬುಕ್ ಚಾಚಿದಳು. ಶಿವಾಜಿನಗರದ ಹೂವಿನಂಗಡಿಯಲ್ಲಿ ಕೂತು ಬೊಕೆಯ ಬುಡಕ್ಕೆ ಅದೇ ಪಾಚಿ ಸುತ್ತುತ್ತಿದ್ದ ಅಜ್ಜಿ ಸಾಲೇಹಾಳ ಕೈ ನಿಂತಿತು.

ಅವಳ ಗಂಡ ಮುಬೀನ್ ಮೊಹರಂನಲ್ಲಿ ಹುಲಿವೇಷ ಹಾಕಿದನೆಂದರೆ ಬೀದಿಗೆ ಬೀದಿಯೇ ದಾರಿ ಬಿಡುತ್ತಿತ್ತು. ಮನೆಗೆ ಬಂದ ಮೇಲೆ ನೋಡಬೇಕು ಅವನ ಅವಸ್ಥೆ! ಬಣ್ಣ ಒಣಗಿ ಚರ್ಮ ಬಿಗಿದು, ಕೂರಲಾಗದೆ ನಿಲ್ಲಲಾಗದೆ ಮಗುವಿನ ಹಾಗೆ ಗೋಳಾಡುತ್ತಿದ್ದ. ಸಾಲೇಹಾ ಅಂಗಡಿಯ ಪಾಚಿಯನ್ನು ನೀರಲ್ಲಿ ಅದ್ದಿ ಬೆನ್ನಿಗೆ ಒತ್ತುತ್ತಿದ್ದಳು. ಪಟ್ಟೆಗಳು ಒಂದೊಂದೇ ಕರಗಿ, ಹುಲಿ ಹೋಗಿ ಗಂಡ ಸಿಗುತ್ತಿದ್ದ.

ಗರಿಗರಿಯಾಗಿ ಒಣಗಿದ್ದ ಪಾಚಿಯ ಒಂದು ಹಿಡಿಯನ್ನು ಅವಳು ಬಕೆಟ್ಟಿನ ನೀರಲ್ಲಿ ಅದ್ದಿ ಹಿಡಿದಳು. ನೋಡನೋಡುತ್ತಿದ್ದಂತೆ ಅದು ನೀರು ಕುಡಿದು ಉಬ್ಬಿತು.

"ಬರ್ಕೋ ಬೇಟಿ. ಪಾಚಿ ಎಷ್ಟೇ ಒಣಗಿರ್ಲಿ, ನೀರು ಬಿಟ್ರೆ ಎದ್ದು ಕೂರುತ್ತೆ."

"ಹುಲಿ?"

ಸಾಲೇಹಾ ಬಕೆಟ್ಟಿನಿಂದ ಕೈ ತೆಗೆಯಲಿಲ್ಲ.

"ಆವತ್ತು ಆಸ್ಪತ್ರೆಯಲ್ಲಿ ನಿನ್ನ ದಾದಾನ ತುಟಿಗೆ ಚಮಚ ಚಮಚ ನೀರು ಬಿಟ್ಟೆ," ಎಂದಳು. "ಏಳ್ಲಿಲ್ಲ."