ನೀರು ಕುಡಿಯಲು ಹೋದವನು

ಹತ್ತನೆಯ ತರಗತಿ ಮುಗಿಸಿದವರು ಕೊನೆಯ ದಿನ ಶಾಲೆಯ ಗೋಡೆಗೆ ಒಂದು ಮಾತು ಹೇಳಿ ಹೋಗಬೇಕು. ಮುಂದಿನ ವರ್ಷವಿಡೀ, ಅವರು ಗೊತ್ತುಮಾಡಿದ ಹೊತ್ತಿಗೆ, ಗೋಡೆ ಅದನ್ನು ಅವರದೇ ದನಿಯಲ್ಲಿ ನುಡಿಯುತ್ತದೆ.

ಮೊದಲ ನಂಬರಿನ ವಿಜಯಲಕ್ಷ್ಮಿ, "ಶ್ರದ್ಧೆಯಿಂದ ಓದಿರಿ" ಎಂದಳು. ರುದ್ರಗೌಡ ಉಸಿರು ಕಟ್ಟುವವರೆಗೆ "ಕಬಡ್ಡಿ ಕಬಡ್ಡಿ" ಎಂದ. ಕೊನೆಗೆ ಗುರುನಾಥ ಎದ್ದಾಗ ಹೂಗಾರ ಮಾಸ್ತರರು ಅವನ ಪಕ್ಕಕ್ಕೇ ಬಂದು ನಿಂತರು. ಹೋದ ವರ್ಷ ಇಂಥವನೇ ಒಬ್ಬ "ಗಂಟಿ ಹೊಡೀತ್ರಿ ಸರ್" ಎಂದು ಹೇಳಿ ಹೋಗಿದ್ದರಿಂದ ಅವರ ಗಣಿತದ ಪಿರಿಯಡ್ಡು ದಿನಾ ಅರ್ಧಕ್ಕೇ ಮುಗಿಯುತ್ತಿತ್ತು.

"ಕಿತಾಪತಿ ಮಾಡಬ್ಯಾಡ ನೋಡಪಾ."

"ಇಲ್ರೀ ಸರ್, ಹಾಜರಿಯಾಗ ದಿನಾ ಹೇಳೂದನ್ನ ಹೇಳತೀನ್ರಿ" ಎಂದ ಗುರುನಾಥ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ.

ಜೂನ್ ತಿಂಗಳಲ್ಲಿ ಹೊಸ ಮಕ್ಕಳ ಹಾಜರಿ ಮುಗಿಸಿ ಮಾಸ್ತರರು ಪುಸ್ತಕ ಮುಚ್ಚುವಷ್ಟರಲ್ಲಿ ಗೋಡೆ ಗುರುನಾಥನ ದನಿಯಲ್ಲಿ ಹೇಳಿತು: "ದಾವಲಸಾಬ ಬಂದಾನ್ರೀ ಸರ್, ನೀರು ಕುಡಿಯಾಕ ಹೋಗ್ಯಾನ್ರಿ."

ಮಕ್ಕಳೆಲ್ಲ ಬಾಗಿಲಿನತ್ತ ತಿರುಗಿದರು. ಪರೀಕ್ಷೆಗೆ ಮೊದಲೇ ಅಪ್ಪನ ಜೊತೆ ಗೋವೆಗೆ ದುಡಿಯಲು ಹೋದ, ಗುರುನಾಥನ ಬೆಂಚಿನ ಗೆಳೆಯ ದಾವಲಸಾಬನಿಗೆ ಗೋಡೆಯ ಮುಂದೆ ನಿಲ್ಲುವ ಸರದಿಯೇ ಬಂದಿರಲಿಲ್ಲ.

ಮಾಸ್ತರರು ಪುಸ್ತಕ ಬಿಚ್ಚಿ ಕಡೆಯಲ್ಲಿ ಪೆನ್ಸಿಲಿನಿಂದ ಒಂದು ಹೆಸರು ಬರೆದರು.

"ಕುಡದು ಲಗೂನ ಒಳಗ ಬಾ ಅನ್ನಪಾ ಅವಂಗ" ಎಂದರು ಗೋಡೆಗೆ.