ಬ್ಯೂರೋ ಮೇಲಿನ ಕಂಬಳಿ

ಮಗಳ ಹೊಸ ಮೇಜಿಗೆ ನೇಕಾರ ತಾನೇ ನೇಯ್ದ ಕರಿ ಕಂಬಳಿ ಹಾಸಿದ್ದೇ ತಡ, ವರದಿಗಾರನೊಬ್ಬ ಟೀ ಲೋಟದ ಹಿಂದೆ ನಗು ಬಚ್ಚಿಟ್ಟುಕೊಂಡ. ಮಗಳು ಪತ್ರಿಕೆಯ ಬ್ಯೂರೋ ಚೀಫ್ ಆಗಿ ಕೂತ ಮೊದಲ ದಿನ ಅದು. ಅವಳ ಕಿವಿ ಕೆಂಪಾಯಿತು. "ಅಪ್ಪಾ, ಇದು ಬ್ಯೂರೋ. ಕಂಬಳಿ ಮನೇಲಿರಲಿ," ಎಂದು ಅಂಚು ಮಡಚತೊಡಗಿದಳು. ನೇಕಾರನ ಮುಖ ಸಪ್ಪಗಾಯಿತು.

"ಮಡಚಬೇಡಮ್ಮ," ಎಂದರು ಮೂಲೆಯಲ್ಲಿ ಕರಡು ತಿದ್ದುತ್ತಿದ್ದ ಹಿರಿಯರು, ಕನ್ನಡಕ ಹಣೆಗೇರಿಸಿ. "ಬ್ಯೂರೋ ಅನ್ನೋದು ಫ್ರೆಂಚರ ಮಾತು. ಮೊದಲು ಅದರರ್ಥ ಇಂಥದ್ದೇ ಒರಟು ಉಣ್ಣೆಬಟ್ಟೆ. ಅದನ್ನ ಮೇಜಿಗೆ ಹಾಸ್ತಿದ್ರು. ಬರ್ತಾ ಬರ್ತಾ ಮೇಜಿಗೇ ಆ ಹೆಸರು ಬಂತು, ಆಮೇಲೆ ಮೇಜಿರೋ ಕೋಣೆಗೆ, ಕಚೇರಿಗೆ. ಯುರೋಪಿನ ಎಷ್ಟೋ ಭಾಷೆಗಳು ಅದನ್ನ ಹಾಗೇ ಎತ್ತಿಕೊಂಡ್ವು."

ಮಗಳ ಕೈ ಅಲ್ಲೇ ನಿಂತಿತು. ಆಮೇಲೆ ಮಡಚಿದ್ದನ್ನು ತಾನೇ ಬಿಡಿಸಿ, ಸುಕ್ಕು ಹೋಗುವಂತೆ ಎರಡೂ ಅಂಗೈಯಿಂದ ಸವರಿದಳು.

"ಹಂಗಾದ್ರೆ ನಲವತ್ತು ವರ್ಷದಿಂದ ನಾನು ನೇಯ್ತಿದ್ದಿದ್ದು ಕಚೇರಿ ಅನ್ನಿ," ಎಂದ ನೇಕಾರ, ಎದೆಯುಬ್ಬಿಸಿ. ಅಷ್ಟರಲ್ಲಿ ವರದಿಗಾರ ಲೋಟವನ್ನು ಮೇಜಿನ ಮೇಲಿಡಲು ಬಗ್ಗಿದ. ನೇಕಾರ ಕೈ ಅಡ್ಡ ಹಿಡಿದ.

"ಅಲ್ಲಿಡಬೇಡಪ್ಪ. ಅದು ಬ್ಯೂರೋ."